ಮಕ್ಕಳೊಂದಿಗೆ ಡೇರೆ ವಾಸ: ಅವರೇ ಮಾಡಿ ಅಲ್ಲಿಯೇ ಬಳಸುವಂಥ ಕೆಲಸಗಳು ಯಾವುವು?

ಚರ್ಚೆ ಆರಂಭಿಸಿದವರು

ಎಲ್ಲರಿಗೂ ನಮಸ್ಕಾರ. ಶಾಲೆಗೆ ರಜೆ ಸಿಕ್ಕ ಕೂಡಲೇ ಮನೆಮಂದಿಯೆಲ್ಲ ಡೇರೆ ಹಾಕಿಕೊಂಡು ಹೊರಗೆ ತಂಗಬೇಕೆಂದು ನಿರ್ಧರಿಸಿದ್ದೇವೆ. ಮಕ್ಕಳಿಗೆ 5, 9 ಮತ್ತು 12 ವರ್ಷ. ಅವರಿಗಾಗಿ ಏನು ಮಾಡಿಸಬಹುದೆಂದು ಹುಡುಕಿದಾಗ ಸಿಕ್ಕಿದ್ದು ಹೆಚ್ಚಾಗಿ ಕಲ್ಲಿಗೆ ಬಣ್ಣ ಬಳಿಯುವುದು, ಕಡ್ಡಿಗಳಿಂದ ಗೊಂಬೆ ಕಟ್ಟುವುದು ಮುಂತಾದವು. ಅವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅವನ್ನು ಮನೆಯಲ್ಲಿ ಕುಳಿತೂ ಮಾಡಬಹುದು. ನನಗೆ ಬೇಕಾಗಿರುವುದು ಬೇರೆ. ಮಗು ತನ್ನ ಕೈಯಾರೆ ಮಾಡಿದ ವಸ್ತು ಆ ರಾತ್ರಿ ಮನೆಯವರೆಲ್ಲರಿಗೂ ಬೇಕಾಗಬೇಕು, ಅದು ಇಲ್ಲದಿದ್ದರೆ ಏನೋ ಒಂದು ಕೆಲಸ ನಿಲ್ಲಬೇಕು. ಹಾಗಾದಾಗ ಮಕ್ಕಳು ತಾವು ಅತಿಥಿಗಳೆಂಬ ಭಾವನೆಯನ್ನು ಬಿಟ್ಟು ಶಿಬಿರವನ್ನು ತಾವೇ ನಡೆಸುತ್ತಿದ್ದೇವೆಂದುಕೊಳ್ಳುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ. ಮನೆಯಲ್ಲೇ ಸಿದ್ಧಪಡಿಸಿಕೊಳ್ಳಬೇಕಾದವು, ಅಲ್ಲಿಗೆ ಹೋದ ಮೇಲೆ ಮಾಡಬೇಕಾದವು, ಮಕ್ಕಳ ಕೈಗೆ ಕೊಡಲೇಬಾರದಂಥವು ಯಾವುವು ಎಂದು ಅನುಭವವುಳ್ಳವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ವಿಜ್ಞಾನ ಶಿಕ್ಷಕಿ

ನಿಮ್ಮ ಒಂಬತ್ತು ವರ್ಷದ ಮಗುವಿಗೆ ತಗಡಿನ ಡಬ್ಬಿಯ ಲಾಂದ್ರವನ್ನು ಒಪ್ಪಿಸಿ. ಖಾಲಿ ಡಬ್ಬಿಯ ಮೇಲಿನ ಕಾಗದವನ್ನು ಸುಲಿದು, ಬಾಯಿಯಿಂದ ಎರಡು ಬೆರಳು ಕೆಳಗಿನವರೆಗೆ ನೀರು ತುಂಬಿ, ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಡಿ. ನೀರು ಗಟ್ಟಿಯಾಗುವಾಗ ಹಿಗ್ಗುವುದರಿಂದ ಡಬ್ಬಿಯ ತಳ ಸ್ವಲ್ಪ ಉಬ್ಬಬಹುದು; ಆಮೇಲೆ ಅದನ್ನು ಮೆಲ್ಲಗೆ ತಟ್ಟಿ ಸರಿಮಾಡಿದರಾಯಿತು. ಮಾರನೆಯ ದಿನ ಮಗು ತನಗಿಷ್ಟವಾದ ಚಿತ್ರವನ್ನು ಕಾಗದದ ಮೇಲೆ ಚುಕ್ಕಿಗಳಲ್ಲಿ ಬರೆದು, ಆ ಕಾಗದವನ್ನು ಡಬ್ಬಿಯ ಸುತ್ತ ಅಂಟಿಸಲಿ. ಡಬ್ಬಿ ಉರುಳದಂತೆ ದಪ್ಪ ಟವಲಿನ ಮಡಿಕೆಯ ನಡುವೆ ಮಲಗಿಸಿ, ಪ್ರತಿ ಚುಕ್ಕಿಯ ಮೇಲೂ ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಒಳಗಿನ ಮಂಜುಗಡ್ಡೆ ತಗಡಿಗೆ ಆನಿಕೆಯಾಗಿರುವುದರಿಂದ ಡಬ್ಬಿ ನಜ್ಜುಗುಜ್ಜಾಗದೆ ದುಂಡನೆಯ ರಂಧ್ರಗಳು ಬೀಳುತ್ತವೆ. ಅಂಚಿನ ಹತ್ತಿರ ಎದುರುಬದುರಾಗಿ ಎರಡು ದೊಡ್ಡ ರಂಧ್ರಗಳನ್ನು ಮಾಡಿ ತಂತಿಯ ಹಿಡಿಕೆ ಕಟ್ಟಿ.

ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಮೊಳೆ ತೂರಿದ ಕಡೆ ಡಬ್ಬಿಯ ಒಳಮೈಯಲ್ಲಿ ಚೂಪಾದ ಮೊನೆಗಳು ಉಳಿಯುತ್ತವೆ; ಮಂಜುಗಡ್ಡೆ ಕರಗಿದ ಮೇಲೆ ದೊಡ್ಡವರು ಅವನ್ನು ಅರದಿಂದ ಉಜ್ಜಿ ನಯಗೊಳಿಸಬೇಕು. ಎರಡನೆಯದಾಗಿ, ಲಾಂದ್ರದೊಳಗೆ ಮೇಣದಬತ್ತಿಯ ಬದಲು ಬ್ಯಾಟರಿಯ ಪುಟ್ಟ ಎಲ್‌ಇಡಿ ದೀಪವನ್ನೇ ಇಡಬೇಕು, ಏಕೆಂದರೆ ಮಗು ಅದನ್ನು ಡೇರೆಯೊಳಗೆ ಒಯ್ಯುವುದು ಖಂಡಿತ.

ಇಬ್ಬರು ಹೆಣ್ಣುಮಕ್ಕಳ ತಂದೆ

ಮೇಡಂ, ನಮ್ಮ ಫ್ರೀಜರ್‌ನಲ್ಲಿ ಡಬ್ಬಿ ಇಡುವಷ್ಟು ಜಾಗವಿಲ್ಲ. ಬೇರೆ ದಾರಿ ಇದೆಯೇ?

ವಿಜ್ಞಾನ ಶಿಕ್ಷಕಿ

ಇದೆ ಸರ್. ಡಬ್ಬಿಯೊಳಗೆ ಬಿಗಿಯಾಗಿ ಕೂರುವಂಥ ಮರದ ತುಂಡನ್ನು ತೂರಿಸಿ ಮೊಳೆ ಹೊಡೆಯಬಹುದು. ಒದ್ದೆ ಮರಳನ್ನು ಒತ್ತಿ ತುಂಬಿದರೂ ನಡೆಯುತ್ತದೆ, ಆದರೆ ರಂಧ್ರಗಳು ಅಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ.

ಇಬ್ಬರು ಹೆಣ್ಣುಮಕ್ಕಳ ತಂದೆ

ಧನ್ಯವಾದ. ನನ್ನ ಮತ ಕೇಳಿದರೆ, ಹನ್ನೆರಡು ವರ್ಷದ ಮಗುವಿಗೆ ಡೇರೆಯ ಹಗ್ಗಗಳ ಪೂರ್ಣ ಹೊಣೆಯನ್ನು ವಹಿಸಬೇಕು. ಅದಕ್ಕೆ ಒಂದೇ ಒಂದು ಗಂಟು ಸಾಕು: ಕೈಯಿಂದ ಸರಿಸಿದರೆ ಜಾರುವ, ಹಗ್ಗ ಬಿಗಿದಾಗ ಹಿಡಿದು ನಿಲ್ಲುವ ಗಂಟು. ಹಗ್ಗವನ್ನು ಗೂಟದ ಸುತ್ತ ತಂದು, ಅದರ ತುದಿಯನ್ನು ಡೇರೆಯಿಂದ ಬರುವ ಹಗ್ಗದ ಮೇಲೆ ಕುಣಿಕೆಯ ಒಳಬದಿಯಲ್ಲಿ, ಅಂದರೆ ಗೂಟದ ಕಡೆಗೆ, ಎರಡು ಸುತ್ತು ಸುತ್ತಬೇಕು. ಆಮೇಲೆ ಅದೇ ತುದಿಯನ್ನು ಆ ಸುತ್ತುಗಳನ್ನು ದಾಟಿಸಿ ಹೊರಬದಿಗೆ ತಂದು, ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿ, ಆ ಸುತ್ತಿನಡಿಯಿಂದ ಹೊರಗೆಳೆದು ಬಿಗಿಯಬೇಕು. ಮನೆಯಲ್ಲಿ ಕುರ್ಚಿಯ ಕಾಲನ್ನೇ ಗೂಟವೆಂದುಕೊಂಡು, ಎರಡು ಬಣ್ಣದ ಹಗ್ಗಗಳನ್ನು ಜೋಡಿಸಿ ಕಲಿಸಿದರೆ ಯಾವ ತುದಿ ಎಲ್ಲಿಗೆ ಹೋಗುತ್ತಿದೆ ಎಂಬುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ.

ಈ ಗಂಟಿನಿಂದ ಶಿಬಿರದಲ್ಲಿ ನಿಜವಾದ ಪ್ರಯೋಜನವಿದೆ. ನೈಲಾನ್ ಬಟ್ಟೆಯೂ ಹಗ್ಗವೂ ಇಬ್ಬನಿಯಲ್ಲಿ ನೆನೆದಾಗ ಸ್ವಲ್ಪ ಹಿಗ್ಗುತ್ತವೆ; ಸಂಜೆ ನೆಟ್ಟಗಿದ್ದ ಡೇರೆ ಮಧ್ಯರಾತ್ರಿಯ ಹೊತ್ತಿಗೆ ಜೋಲುಬಿದ್ದು, ಹೊರಗಿನ ಹೊದಿಕೆ ಒಳಗಿನ ಬಟ್ಟೆಗೆ ತಾಗಿ ತೇವ ಒಳಕ್ಕೆ ಇಳಿಯುತ್ತದೆ. ಮಲಗುವ ಮುನ್ನ ಡೇರೆಯ ಸುತ್ತ ಒಂದು ಸುತ್ತು ಬಂದು ಪ್ರತಿಯೊಂದು ಗಂಟನ್ನೂ ಸರಿಸಿ ಬಿಗಿಮಾಡುವ ಕೆಲಸ ದೊಡ್ಡ ಮಗುವಿನದಾಗಿರಲಿ. ಅದರ ಮೇಲೆ ನೀವು ಮತ್ತೆ ಹೋಗಿ ಬಿಗಿಮಾಡಬೇಡಿ. ಹಾಗೆ ಮಾಡಿದರೆ ಆ ಕೆಲಸಕ್ಕೆ ಬೆಲೆಯಿಲ್ಲವೆಂದು ಮಕ್ಕಳಿಗೆ ಒಡನೆಯೇ ತಿಳಿದುಬಿಡುತ್ತದೆ.

ಕೈಗೆಲಸದ ಹವ್ಯಾಸಿ

ತಂಪು ಪಾನೀಯದ ಖಾಲಿ ಅಲ್ಯೂಮಿನಿಯಂ ಡಬ್ಬಿಗಳಿಂದ ಸ್ಪಿರಿಟ್ ಒಲೆಯನ್ನು ಸುಲಭವಾಗಿ ಮಾಡಬಹುದು. ಹಗುರವಾಗಿರುತ್ತದೆ, ಖರ್ಚಿಲ್ಲ, ನೀರನ್ನೂ ಬೇಗ ಕಾಯಿಸುತ್ತದೆ. ಹನ್ನೆರಡು ವರ್ಷದ ಮಗುವಿಗೆ ಇದಕ್ಕಿಂತ ಉಪಯುಕ್ತವಾದ ಯೋಜನೆ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

ಚಾರಣ ಮಾರ್ಗದರ್ಶಕ

ಕ್ಷಮಿಸಿ, ಇದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಸ್ಪಿರಿಟ್‌ನ ಜ್ವಾಲೆ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಒಲೆ ಆರಿತೆಂದು ಭಾವಿಸಿ ಬಾಟಲಿಯಿಂದ ಮತ್ತೆ ಸ್ಪಿರಿಟ್ ಸುರಿದರೆ ಆವಿ ಹೊತ್ತಿಕೊಂಡು ಬೆಂಕಿ ಬಾಟಲಿಯವರೆಗೂ ಹಾರುತ್ತದೆ. ಬಾಟಲಿಯ ಬಾಯಿಯಿಂದ ಎದುರಿಗೆ ಕುಳಿತವರ ಮೇಲೆ ಜ್ವಾಲೆ ಚಿಮ್ಮುವ ಅಪಾಯವಿದೆ. ಮಕ್ಕಳು ಸುತ್ತ ಕುಳಿತಿರುವ ಜಾಗದಲ್ಲಿ ಈ ಒಲೆಗೆ ಸ್ಥಾನವಿಲ್ಲ. ಇನ್ನೂ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಯಾವ ಒಲೆಯನ್ನೂ, ಕೆಂಡದ ತಟ್ಟೆಯನ್ನೂ ಚಳಿಯೆಂದು ಡೇರೆಯೊಳಗೆ ತರಬಾರದು. ಅವುಗಳಿಂದ ಹೊರಡುವ ವಿಷಾನಿಲವಾದ ಇಂಗಾಲದ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ.

ಕೈಗೆಲಸದ ಹವ್ಯಾಸಿ

ದೊಡ್ಡವರು ಒಬ್ಬರೇ ಬಳಸುವಾಗ ಅದು ಒಳ್ಳೆಯ ಒಲೆ ಎಂಬ ನನ್ನ ಮಾತು ಹಾಗೆಯೇ ಇರುತ್ತದೆ. ಆದರೆ ಇಲ್ಲಿ ಕೇಳಿರುವುದು ಮಕ್ಕಳಿಗಾಗಿ ಎಂಬುದನ್ನು ಒಪ್ಪಿ, ಬೆಂಕಿಯೇ ಇಲ್ಲದ ಇನ್ನೊಂದು ಒಲೆಯನ್ನು ಹೇಳುತ್ತೇನೆ. ಮುಚ್ಚಳವಿರುವ ಅಗಲವಾದ ರಟ್ಟಿನ ಪೆಟ್ಟಿಗೆಯನ್ನು ತೆಗೆದುಕೊಳ್ಳಿ. ಮುಚ್ಚಳದಲ್ಲಿ ಮೂರು ಬದಿ ಮಾತ್ರ ಕತ್ತರಿಸಿ ಒಂದು ರೆಕ್ಕೆಯನ್ನು ಎಬ್ಬಿಸಿ, ಅದರ ಒಳಬದಿಗೆ ಅಲ್ಯೂಮಿನಿಯಂ ಹಾಳೆಯನ್ನು ಸುಕ್ಕಿಲ್ಲದಂತೆ ಅಂಟಿಸಿ. ತೆರೆದ ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಎರಡು ಪದರವಾಗಿ, ನಡುವೆ ಸ್ವಲ್ಪ ಗಾಳಿ ಉಳಿಯುವಂತೆ ಬಿಗಿದು ಅಂಟಿಸಿ. ಪೆಟ್ಟಿಗೆಯ ತಳಕ್ಕೆ ಕಪ್ಪು ಕಾಗದ ಹಾಸಿ, ನಾಲ್ಕೂ ಪಕ್ಕಗಳಿಗೆ ಸುರುಳಿ ಸುತ್ತಿದ ಹಳೆಯ ಪತ್ರಿಕೆಗಳನ್ನು ಒತ್ತಿ. ಬಿಸಿಲನ್ನು ರೆಕ್ಕೆ ಒಳಕ್ಕೆ ತಿರುಗಿಸುತ್ತದೆ, ಕಪ್ಪು ತಳ ಅದನ್ನು ಹೀರಿ ಶಾಖವಾಗಿಸುತ್ತದೆ, ಪ್ಲಾಸ್ಟಿಕ್ ಪದರಗಳು ಬಿಸಿಗಾಳಿಯನ್ನು ಹೊರಗೆ ಬಿಡುವುದಿಲ್ಲ. 1767ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಹೊರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದು ಇಟ್ಟು ಬಿಸಿಲನ್ನು ಸೆರೆಹಿಡಿದದ್ದೂ ಇದೇ ತತ್ತ್ವದ ಮೇಲೆ.

ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಗಂಟೆಗೊಮ್ಮೆ ಪೆಟ್ಟಿಗೆಯನ್ನು ಸೂರ್ಯನ ಕಡೆಗೆ ತಿರುಗಿಸುವ ಕೆಲಸವನ್ನು ಮಕ್ಕಳು ಹಂಚಿಕೊಳ್ಳಲಿ. ಚಾಕೊಲೇಟ್ ಕರಗಿಸುವುದಕ್ಕೆ, ಮೊದಲೇ ಬೇಯಿಸಿದ್ದನ್ನು ಆಗಲೇ ತಿನ್ನಲು ಬೆಚ್ಚಗೆ ಮಾಡಿಕೊಳ್ಳುವುದಕ್ಕೆ, ಕೈಕಾಲು ತೊಳೆಯುವ ನೀರನ್ನು ಬಿಸಿಮಾಡುವುದಕ್ಕೆ ಇದು ಧಾರಾಳವಾಗಿ ಸಾಕು. ಮಾಂಸ ಅಥವಾ ಮೊಟ್ಟೆಯನ್ನು ಇದರಲ್ಲಿ ಬೇಯಿಸಲು ಹೋಗಬೇಡಿ. ಒಳಗಿನ ಬಿಸಿ ಒಂದೇ ಸಮನಾಗಿ ಇರುವುದಿಲ್ಲ. ಹೊಳೆಯುವ ರೆಕ್ಕೆಯನ್ನು ನೇರವಾಗಿ ದಿಟ್ಟಿಸಬಾರದೆಂದೂ ಮಕ್ಕಳಿಗೆ ಹೇಳಿರಿ.

ಚಾರಣ ಮಾರ್ಗದರ್ಶಕ

ಇದು ಬಹಳ ಸೊಗಸಾದ ಸಲಹೆ. ಬೆಂಕಿಯ ಮಾತು ಬಂದದ್ದರಿಂದ ಅದನ್ನು ಆರಿಸುವ ಕೆಲಸದ ಬಗ್ಗೆಯೂ ಹೇಳುತ್ತೇನೆ, ಏಕೆಂದರೆ ಅದನ್ನು ಮಕ್ಕಳೇ ಮಾಡಬಹುದು. ಅನೇಕರು ಕೆಂಡದ ಮೇಲೆ ಮಣ್ಣು ಅಥವಾ ಮರಳನ್ನು ಮುಚ್ಚಿ ಹೊರಟುಹೋಗುತ್ತಾರೆ. ಮರಳಿನಡಿಯ ಕೆಂಡ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಮೇಲಿನಿಂದ ಏನೂ ಕಾಣದಿರುವುದರಿಂದ ಬರಿಗಾಲಿನಲ್ಲಿ ಓಡಿಬರುವ ಮಗು ಅದರ ಮೇಲೆಯೇ ಕಾಲಿಡುತ್ತದೆ. ಬೆಂಕಿ ಹೊತ್ತಿಸುವ ಮೊದಲೇ ಮಕ್ಕಳು ನೀರು ತುಂಬಿದ ಪಾತ್ರೆಯನ್ನು ತಂದು ಪಕ್ಕದಲ್ಲಿಡಲಿ. ಕೊನೆಯಲ್ಲಿ ಅವರು ಸ್ವಲ್ಪ ದೂರದಿಂದಲೇ ನೀರು ಸುರಿಯಲಿ, ದೊಡ್ಡವರು ಕೋಲಿನಿಂದ ಬೂದಿಯನ್ನು ಕದಡಲಿ, ಮತ್ತೆ ನೀರು, ಮತ್ತೆ ಕದಡುವುದು. ಚುಂಯ್‌ಗುಟ್ಟುವ ಸದ್ದು ಪೂರ್ತಿ ನಿಂತ ಮೇಲೆ ದೊಡ್ಡವರು ಅಂಗೈಯ ಹಿಂಬದಿಯನ್ನು ಬೂದಿಯ ಸಮೀಪಕ್ಕೆ ಒಯ್ದು ನೋಡಬೇಕು. ಬಿಸಿ ತಾಗಿದರೆ ಕೆಲಸ ಮುಗಿದಿಲ್ಲ. ಹೊಳೆಯಿಂದ ಎತ್ತಿದ ಒದ್ದೆ ಕಲ್ಲುಗಳನ್ನು ಒಲೆಗೆ ಜೋಡಿಸಬೇಡಿ. ಒಳಗೆ ಸೇರಿದ ನೀರು ಆವಿಯಾಗಿ ಅವು ಸಿಡಿಯಬಹುದು.

ಮೊಮ್ಮಕ್ಕಳನ್ನು ಕರೆದೊಯ್ಯುವ ಅಜ್ಜಿ

ಐದು ವರ್ಷದ ಮಗುವಿನ ಬಗ್ಗೆ ಇದುವರೆಗೆ ಯಾರೂ ಹೇಳಿಲ್ಲ. ಅಷ್ಟು ಚಿಕ್ಕವರಿಗೆ ಸುತ್ತಿಗೆ ಬೇಡ, ಎಣಿಕೆ ಕೊಡಿ. ಗೂಟಗಳನ್ನು ಎಣಿಸಿ ಚೀಲಕ್ಕೆ ಹಾಕುವುದು ಆ ಮಗುವಿನ ಕೆಲಸ. ಮನೆಯಲ್ಲೇ ಪ್ರತಿಯೊಂದು ಗೂಟದ ತಲೆಗೂ ಬಣ್ಣದ ಬಟ್ಟೆಯ ತುಂಡೊಂದನ್ನು ಕಟ್ಟಿಸಿ. ಹುಲ್ಲಿನಲ್ಲಿ ಬಿದ್ದರೂ ಕಣ್ಣಿಗೆ ಬೀಳುತ್ತದೆ, ಕತ್ತಲಲ್ಲಿ ಯಾರೂ ಎಡವುವುದಿಲ್ಲ. ಹೊರಡುವ ಮೊದಲು ಹೊದಿಕೆ ಮತ್ತು ಕುರ್ಚಿಗಳಿಂದ ಮನೆಯೊಳಗೇ ಗುಡಾರ ಮಾಡಿ ಒಂದು ರಾತ್ರಿ ಅದರಲ್ಲೇ ಮಲಗಿಸಿದರೆ, ಬಟ್ಟೆಯ ಗೋಡೆಯ ಭಯ ಅರ್ಧ ಕಳೆಯುತ್ತದೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಮಾಡಿದ್ದೆಲ್ಲವೂ ಉಪಯೋಗಕ್ಕೆ ಬರಲೇಬೇಕೆಂಬ ಹಟವನ್ನು ಸ್ವಲ್ಪ ಸಡಿಲಿಸಿ. ಒದ್ದೆ ಮಣ್ಣಿನಲ್ಲಿ ಹಕ್ಕಿಯದೋ ನಾಯಿಯದೋ ಹೆಜ್ಜೆಗುರುತು ಸಿಕ್ಕರೆ ಅದರ ಅಚ್ಚು ತೆಗೆಯುವುದರಲ್ಲಿ ಇರುವ ಸಂತೋಷವೇ ಬೇರೆ. ಗುರುತಿನ ಸುತ್ತ ರಟ್ಟಿನ ಪಟ್ಟಿಯನ್ನು ಉಂಗುರದಂತೆ ನಿಲ್ಲಿಸಿ, ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ನೀರು ಕಲಸಿ, ಗುರುತಿನ ಮೇಲೆ ನೇರವಾಗಿ ಸುರಿಯದೆ ಪಕ್ಕದಿಂದ ಹರಿದುಬರುವಂತೆ ಹುಯ್ಯಬೇಕು. ಅರ್ಧ ಗಂಟೆಯ ಮೇಲೆ ಮೆಲ್ಲಗೆ ಎತ್ತಬಹುದು. ಮಣ್ಣನ್ನು ಉಜ್ಜಿ ತೆಗೆಯುವುದನ್ನು ಮರುದಿನಕ್ಕೆ ಬಿಡಿ.

ವಿಜ್ಞಾನ ಶಿಕ್ಷಕಿ

ಅಮ್ಮ, ನಿಮ್ಮ ಮಾತಿಗೆ ಒಂದೇ ಒಂದು ಸೇರಿಕೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ಕಲಸಿದ ಗಂಜಿಯಲ್ಲಿ ಮಗುವಿನ ಕೈಯನ್ನು ಮುಳುಗಿಸಿ ಅಂಗೈಯ ಅಚ್ಚು ತೆಗೆಯುವ ಆಸೆ ಯಾರಿಗೂ ಬರಬಾರದು. ಅದರಿಂದ ತೀವ್ರವಾದ ಸುಟ್ಟಗಾಯಗಳಾಗುತ್ತವೆ. ಉಳಿದ ಗಂಜಿಯನ್ನು ನೀರಿಗೆ ಚೆಲ್ಲದೆ, ಗಟ್ಟಿಯಾದ ಮೇಲೆ ಕಸದೊಂದಿಗೆ ಮನೆಗೆ ತರಬೇಕು.

ಮಕ್ಕಳು ಇಷ್ಟಪಡುವ ಇನ್ನೊಂದು ಯೋಜನೆ ನೀರು ಸೋಸುವ ಬಾಟಲಿ. ತಳ ಕತ್ತರಿಸಿದ ಬಾಟಲಿಯನ್ನು ತಲೆಕೆಳಗು ಮಾಡಿ, ಬಾಯಿಗೆ ಬಟ್ಟೆ ಕಟ್ಟಿ, ಪುಡಿಮಾಡಿದ ಇದ್ದಿಲು, ಸಣ್ಣ ಮರಳು, ದಪ್ಪ ಮರಳು, ಎಲ್ಲಕ್ಕಿಂತ ಮೇಲೆ ಜಲ್ಲಿಕಲ್ಲನ್ನು ಪದರಪದರವಾಗಿ ತುಂಬಿದರೆ, ರಾಡಿ ನೀರು ತಿಳಿಯಾಗಿ ಇಳಿಯುತ್ತದೆ. ತಿಳಿಯಾದ ಮಾತ್ರಕ್ಕೆ ಅದು ಕುಡಿಯುವ ನೀರಲ್ಲ. ರೋಗಾಣುಗಳು ಈ ಪದರಗಳನ್ನು ದಾಟಿ ಬರುತ್ತವೆ. ನೀರನ್ನು ಕನಿಷ್ಠ ಒಂದು ನಿಮಿಷ, 2,000 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ, ಕೊತಕೊತ ಕುದಿಸಬೇಕು. ಸೋಸಿದ ನೀರನ್ನು ಕೈತೋಟದ ಗಿಡಕ್ಕೋ, ಕೆಸರಾದ ಚಪ್ಪಲಿ ತೊಳೆಯುವುದಕ್ಕೋ ಬಳಸಲಿ.

ರಾತ್ರಿ ಆಕಾಶದ ಆಸಕ್ತ

ರಾತ್ರಿಯ ಕಾರ್ಯಕ್ರಮಕ್ಕೆ ಬೇಕಾದ ಸಲಕರಣೆ ಒಂದು ಕೆಂಪು ಟಾರ್ಚ್ ಮಾತ್ರ. ಟಾರ್ಚಿನ ಗಾಜಿಗೆ ಕೆಂಪು ಜಿಲೇಟಿನ್ ಕಾಗದವನ್ನು ಕೆಲವು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದು ಐದು ವರ್ಷದ ಮಗುವಿನ ಕೈಗೂ ಎಟುಕುವ ಕೆಲಸ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಆದರೆ ಬಿಳಿಯ ಬೆಳಕು ಅದನ್ನು ಒಂದೇ ಕ್ಷಣದಲ್ಲಿ ಕೆಡಿಸುತ್ತದೆ. ಮಂದವಾದ ಕೆಂಪು ಬೆಳಕಿನಿಂದ ಆ ಹಾನಿ ಬಹಳ ಕಡಿಮೆ.

ಉತ್ತರ ಗೋಳಾರ್ಧದಲ್ಲಿರುವವರು ಸಪ್ತರ್ಷಿ ಮಂಡಲದ ಚೌಕದಲ್ಲಿ ಬಾಲದಿಂದ ದೂರದ ಬದಿಯಲ್ಲಿರುವ ಕ್ರತು ಮತ್ತು ಪುಲಹ ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು, ಪುಲಹದಿಂದ ಕ್ರತುವಿನ ಕಡೆಗೆ, ಅವುಗಳ ನಡುವಿನ ಅಂತರದ ಐದರಷ್ಟು ಮುಂದಕ್ಕೆ ಎಳೆದರೆ ಧ್ರುವ ನಕ್ಷತ್ರ ಸಿಗುತ್ತದೆ. ತೋಳನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮಕ್ಕಳ ಮುಷ್ಟಿ ಚಿಕ್ಕದಾದರೂ ತೋಳೂ ಚಿಕ್ಕದೇ ಆದ್ದರಿಂದ ಅಳತೆ ಸರಿಹೋಗುತ್ತದೆ. ದಿಗಂತದಿಂದ ಧ್ರುವದವರೆಗೆ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿದರೆ ನೀವಿರುವ ಸ್ಥಳದ ಅಕ್ಷಾಂಶ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಭೂಮಿಯ ಮೇಲೆ ತಾನು ಎಲ್ಲಿದ್ದೇನೆಂಬುದನ್ನು ತನ್ನ ಕೈಯಿಂದಲೇ ಅಳೆದ ಮಗು ಆ ಪಾಠವನ್ನು ಮರೆಯುವುದಿಲ್ಲ.

ಮೋಡವಿದ್ದರೆ ಡೇರೆಯಿಂದ ದೂರದಲ್ಲಿ ಎರಡು ಮರಗಳ ನಡುವೆ ಬಿಳಿಯ ಬಟ್ಟೆಯನ್ನು ಕಟ್ಟಿ, ಹಿಂದಿನಿಂದ ದೀಪ ಹಿಡಿದು ಪತಂಗಗಳನ್ನು ನೋಡಿ. ಮುಟ್ಟದೆ ಚಿತ್ರ ಬರೆಯಲಿ, ಸ್ವಲ್ಪ ಹೊತ್ತಿನ ಮೇಲೆ ದೀಪ ಆರಿಸಿ ಅವನ್ನು ಹೋಗಗೊಡಿ. ಜೀರುಂಡೆಗಳ ಸದ್ದನ್ನೂ ಎಣಿಸಬಹುದು. ತಂಪು ಹೆಚ್ಚಿದಂತೆ ಅವುಗಳ ಕೂಗು ನಿಧಾನವಾಗುತ್ತದೆ; ಇದನ್ನು ಅಮೆರಿಕದ ಭೌತವಿಜ್ಞಾನಿ ಅಮೋಸ್ ಡಾಲ್ಬೇರ್ 1897ರಲ್ಲಿ ಸೂತ್ರವಾಗಿ ಬರೆದರು. ಜಾತಿಯಿಂದ ಜಾತಿಗೆ ಲೆಕ್ಕ ಬದಲಾಗುವುದರಿಂದ ಸೂತ್ರವನ್ನು ಬಿಡಿ, ಸಂಜೆಯ ಎಣಿಕೆಯನ್ನು ಮಲಗುವ ಹೊತ್ತಿನ ಎಣಿಕೆಯೊಂದಿಗೆ ಹೋಲಿಸಿ ನೋಡಲಿ.

ಚರ್ಚೆ ಆರಂಭಿಸಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಜ್ಜಿಯವರ ಮಾತು ಮನಸ್ಸಿಗೆ ನಾಟಿತು. ಪ್ಲಾಸ್ಟರ್ ಪೊಟ್ಟಣವೂ ಚೀಲ ಸೇರುತ್ತದೆ. ಒಂದು ಆತಂಕ ಮಾತ್ರ ಉಳಿದಿದೆ. ಇಷ್ಟೆಲ್ಲ ಓಡಾಟದ ನಡುವೆ ಮಕ್ಕಳಲ್ಲೊಬ್ಬರು ದಾರಿ ತಪ್ಪಿದರೆ? ಅದಕ್ಕೂ ಮಕ್ಕಳೇ ಮಾಡಿಕೊಳ್ಳಬಹುದಾದ ಸಿದ್ಧತೆ ಇದೆಯೇ?

ಚಾರಣ ಮಾರ್ಗದರ್ಶಕ

ಇದೆ, ಮತ್ತು ಈ ಪಟ್ಟಿಯಲ್ಲಿ ಮೊದಲು ಮಾಡಬೇಕಾದದ್ದೂ ಇದೇ. 1981ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಪ್ರಾಂತದ ಬೆಟ್ಟದಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ದಾರಿ ತಪ್ಪಿ ಮೃತಪಟ್ಟ ಮೇಲೆ, ಹುಡುಕಾಟದಲ್ಲಿ ಪಾಲ್ಗೊಂಡವರು ಮಕ್ಕಳಿಗೆ ಕಲಿಸಲು ಒಂದು ಕಾರ್ಯಕ್ರಮವನ್ನು ಆರಂಭಿಸಿದರು. ಅದರ ಮುಖ್ಯ ಪಾಠ ಸರಳವಾಗಿದೆ: ದಾರಿ ತಪ್ಪಿದೆನೆಂದು ಅನಿಸಿದ ಕೂಡಲೇ ಹತ್ತಿರದ ಮರವೊಂದನ್ನು ಅಪ್ಪಿಕೊಂಡು ಅಲ್ಲಿಯೇ ಇರಬೇಕು. ನಿಂತಿರುವ ಮಗುವನ್ನು ಹುಡುಕುವುದಕ್ಕಿಂತ ನಡೆಯುತ್ತಲೇ ಇರುವ ಮಗುವನ್ನು ಹುಡುಕುವುದು ಬಹಳ ಕಷ್ಟ.

ಆ ಕಾರ್ಯಕ್ರಮ ಹೇಳಿಕೊಡುವ ಒಂದು ಕೆಲಸವನ್ನು ಹೊರಡುವ ಮುನ್ನ ತಪ್ಪದೆ ಮಾಡಿ. ಮಡಿಸಿದ ಟವಲಿನ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಹಾಸಿ, ಶಿಬಿರಕ್ಕೆ ಹಾಕಿಕೊಳ್ಳಲಿರುವ ಶೂ ಧರಿಸಿದ ಮಗುವನ್ನು ಅದರ ಮೇಲೆ ಒತ್ತಿ ನಿಲ್ಲಿಸಿ. ಅಟ್ಟೆಯ ಗೆರೆಗಳು, ಸವೆದ ಅಂಚು, ಎಲ್ಲವೂ ಹಾಳೆಯಲ್ಲಿ ಮೂಡುತ್ತವೆ. ಮಗುವಿನ ಹೆಸರು ಬರೆದು ಹಾಳೆಯನ್ನು ವಾಹನದಲ್ಲಿಡಿ. ಹುಡುಕುವವರಿಗೆ ಯಾವ ಹೆಜ್ಜೆಯನ್ನು ಹಿಂಬಾಲಿಸಬೇಕೆಂದು ತಿಳಿಯುತ್ತದೆ. ಮಕ್ಕಳಿಗೆ ಇದು ಆಟದಂತೆಯೇ ಕಾಣುವುದರಿಂದ ಭಯವೂ ಹುಟ್ಟುವುದಿಲ್ಲ.

ಪ್ರತಿಯೊಬ್ಬರಿಗೂ ಒಂದೊಂದು ಸೀಟಿ ಇರಲಿ. ಮೂರು ಬಾರಿ ಊದಿ, ತಡೆದು, ಮತ್ತೆ ಮೂರು ಬಾರಿ ಊದುವುದು ಅಪಾಯದ ಸಂಕೇತ. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೂ ಸೀಟಿ ಊದಬಹುದು, ಅದರ ಸದ್ದು ಕೂಗಿಗಿಂತ ದೂರ ಹೋಗುತ್ತದೆ. ಸೀಟಿಯ ದಾರವನ್ನು ಕೊರಳಿಗೆ ಹಾಕಬೇಡಿ, ಮರ ಹತ್ತುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಜಾಕೆಟ್ಟಿನ ಜಿಪ್‌ಗೋ ಚೀಲದ ಪಟ್ಟಿಗೋ ಕಟ್ಟಿ.

ಇಬ್ಬರು ಹೆಣ್ಣುಮಕ್ಕಳ ತಂದೆ

ಇದರ ಜೊತೆಗೆ ದೊಡ್ಡ ಮಗು ಶಿಬಿರದ ನಕ್ಷೆಯನ್ನು ಬರೆಯಲಿ. ನೆಲಕ್ಕೆ ನೆಟ್ಟ ಕೋಲಿನ ನೆರಳಿನ ತುದಿಗೆ ಒಂದು ಕಲ್ಲು, ಇಪ್ಪತ್ತು ನಿಮಿಷದ ಮೇಲೆ ಸರಿದ ತುದಿಗೆ ಇನ್ನೊಂದು ಕಲ್ಲು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಆ ಗೆರೆಯನ್ನು ಹಿಡಿದು ಡೇರೆ, ನೀರು, ಶೌಚಾಲಯ, ವಾಹನ ಎಲ್ಲಿವೆ ಎಂದು ಹೆಜ್ಜೆ ಎಣಿಸಿ ಗುರುತಿಸಿದರೆ, ಚಿಕ್ಕವರು ಎಲ್ಲಿಯವರೆಗೆ ಹೋಗಬಹುದೆಂಬ ಗಡಿಯನ್ನೂ ಅದರಲ್ಲೇ ಕೆಂಪು ಗೆರೆಯಿಂದ ತೋರಿಸಬಹುದು.

ಚರ್ಚೆ ಆರಂಭಿಸಿದವರು

ಗುಡುಗು ಮಿಂಚು ಬಂದರೆ ಡೇರೆಯೊಳಗೆ ಸೇರಿಕೊಂಡು ಆಟವಾಡಬಹುದಲ್ಲವೇ?

ವಿಜ್ಞಾನ ಶಿಕ್ಷಕಿ

ಬರೀ ಮಳೆಯಾದರೆ ಸರಿ, ಮಿಂಚಿದ್ದರೆ ಬೇಡ. ಡೇರೆ ಸಿಡಿಲಿನಿಂದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಮಕ್ಕಳು ಸೆಕೆಂಡುಗಳನ್ನು ಎಣಿಸಲಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಎಣಿಕೆ 30 ಮುಟ್ಟುವ ಮೊದಲೇ ಗುಡುಗು ಕೇಳಿದರೆ ಎಲ್ಲರೂ ಗಟ್ಟಿ ಕಟ್ಟಡಕ್ಕೆ ಅಥವಾ ಲೋಹದ ಚಾವಣಿಯಿರುವ ವಾಹನಕ್ಕೆ ಹೋಗಿ, ಕಿಟಕಿಗಳನ್ನು ಮುಚ್ಚಿ ಕೂರಬೇಕು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ಆದ್ದರಿಂದ ಮಳೆಯ ಹೊತ್ತಿಗೆಂದು ಇಟ್ಟುಕೊಂಡ ಆಟದ ಸಾಮಾನು, ಕಾಗದ, ಬಣ್ಣದ ಪೆನ್ಸಿಲ್‌ಗಳ ಚೀಲ ಡೇರೆಯಲ್ಲಿರುವುದಕ್ಕಿಂತ ವಾಹನದಲ್ಲಿಯೇ ಇರಲಿ.